ಆಗ್ಮೆಂಟೆಡ್ ರಿಯಾಲಿಟಿ: ಚಿತ್ರ ಮೂಡಿಸುವುದು ಸುಲಭ, ನಿಲ್ಲಿಸುವುದೇ ಕಷ್ಟ

ವಿಆರ್‌ಗೂ (ವರ್ಚುವಲ್ ರಿಯಾಲಿಟಿ) ಎಆರ್‌ಗೂ (ಆಗ್ಮೆಂಟೆಡ್ ರಿಯಾಲಿಟಿ) ಇರುವ ವ್ಯತ್ಯಾಸವನ್ನು ಮೊದಲೇ ಮುಗಿಸಿಬಿಡೋಣ. ವಿಆರ್ ಹೆಡ್‌ಸೆಟ್ ತೊಟ್ಟರೆ ಸುತ್ತಲಿನ ಕೋಣೆ ಮಾಯ. ಎಆರ್‌ನಲ್ಲಿ ಕೋಣೆ ಕಣ್ಣೆದುರೇ ಇರುತ್ತದೆ, ಕಂಪ್ಯೂಟರ್ ರಚಿಸಿದ ವಸ್ತು ಅದರೊಳಗೆ ಬಂದು ಸೇರುತ್ತದೆ.

ಎಆರ್ ಎನಿಸಿಕೊಳ್ಳಲು ಮೂರು ಗುಣ ಬೇಕೆಂದು ಸಂಶೋಧಕ ರೊನಾಲ್ಡ್ ಅಜುಮಾ 1997ರ ಸಮೀಕ್ಷಾ ಲೇಖನದಲ್ಲಿ ಹೇಳಿದರು: ನಿಜ ಮತ್ತು ಕೃತಕ ಒಟ್ಟಿಗೆ ಕಾಣಬೇಕು, ನಮ್ಮ ಚಲನೆಗೆ ಆಗಿಂದಾಗಲೇ ಸ್ಪಂದಿಸಬೇಕು, ಕೃತಕ ವಸ್ತು ಮೂರು ಆಯಾಮದಲ್ಲಿ ತನ್ನ ಜಾಗಕ್ಕೆ ಅಂಟಿಕೊಂಡಿರಬೇಕು. ಈ ಮೂರನೆಯದೇ ರಿಜಿಸ್ಟ್ರೇಷನ್. ಸಿನಿಮಾದ ಗ್ರಾಫಿಕ್ಸ್ ಎರಡನೆಯದರಲ್ಲಿ ಸೋಲುತ್ತದೆ, ಟಿವಿ ಪರದೆಯ ಮೂಲೆಯ ಸ್ಕೋರು ಮೂರನೆಯದರಲ್ಲಿ. ಈ ಮೂರು ಗುಣ ನೆನಪಿದ್ದರೆ ಉಳಿದದ್ದನ್ನು ನೀವೇ ಕಟ್ಟಿಕೊಳ್ಳಬಹುದು.

ಫೋನಿನಲ್ಲಿ ಒಂದು ಕುರ್ಚಿಯನ್ನು ನೆಲದ ಮೇಲೆ ಇಡುವ ಆ್ಯಪ್ ತೆರೆದೆವು ಅಂದುಕೊಳ್ಳಿ. ಮೊದಲು ಅದು ಫೋನನ್ನು ನಿಧಾನವಾಗಿ ಅತ್ತಿತ್ತ ಆಡಿಸಲು ಹೇಳುತ್ತದೆ. ಯಾಕೆ? ಕ್ಯಾಮೆರಾ ಚಿತ್ರದಲ್ಲಿ ಮೂಲೆ, ಕಲೆ, ಗೆರೆಗಳಂಥ ಎದ್ದುಕಾಣುವ ಬಿಂದುಗಳನ್ನು ಅದು ಹುಡುಕುತ್ತಿರುತ್ತದೆ. ಇವು ಫೀಚರ್ ಪಾಯಿಂಟ್‌ಗಳು. ಫೋನ್ ಸರಿದಾಗ ಹತ್ತಿರದ ಬಿಂದು ಹೆಚ್ಚು ಜರುಗುತ್ತದೆ, ದೂರದ್ದು ಕಡಿಮೆ. ಆ ಲೆಕ್ಕದಿಂದ ದೂರ ತಿಳಿಯುತ್ತದೆ. ಆದರೆ ಒಂಟಿ ಕ್ಯಾಮೆರಾಕ್ಕೆ ಅಳತೆ ಗೊತ್ತಾಗುವುದಿಲ್ಲ: ಎದುರಿಗಿರುವುದು ನಿಜವಾದ ಕೋಣೆಯೋ ಗೊಂಬೆಮನೆಯೋ ಎಂದು ಅದು ಹೇಳಲಾರದು. ಇಲ್ಲಿ ಫೋನಿನೊಳಗೆ ವೇಗದ ಬದಲಾವಣೆ ಅಳೆಯುವ ಆಕ್ಸಿಲರೋಮೀಟರ್, ತಿರುಗುವಿಕೆ ಅಳೆಯುವ ಗೈರೋಸ್ಕೋಪ್ ನೆರವಿಗೆ ಬರುತ್ತವೆ. ಫೋನ್ ನಿಜಕ್ಕೂ ಎಷ್ಟು ಸರಿಯಿತೆಂದು ಅವು ತಿಳಿಸುತ್ತವೆ. ಆದರೆ ಅವುಗಳ ಸಣ್ಣ ತಪ್ಪುಗಳು ಸೆಕೆಂಡುಗಳಲ್ಲೇ ಗುಡ್ಡೆಯಾಗುತ್ತವೆ; ಅದನ್ನು ಕ್ಯಾಮೆರಾ ತಿದ್ದುತ್ತಿರುತ್ತದೆ. ಜಾಗದ ನಕ್ಷೆ ಬರೆಯುತ್ತಲೇ ಅದರಲ್ಲಿ ತಾನೆಲ್ಲಿದ್ದೇನೆಂದು ಕಂಡುಕೊಳ್ಳುವ ಈ ವಿಧಾನಕ್ಕೆ ಸ್ಲ್ಯಾಮ್ ಎನ್ನುತ್ತಾರೆ.

ನೀವೇ ಪರೀಕ್ಷಿಸಿ. ಖಾಲಿ ಬಿಳಿ ಗೋಡೆಗೆ ಫೋನ್ ಹಿಡಿದರೆ ಆ್ಯಪ್ ತಡಕಾಡುತ್ತದೆ, ಹಿಡಿಯಲು ಬಿಂದುವೇ ಇಲ್ಲ. ನೆಲದ ಮೇಲೆ ದಿನಪತ್ರಿಕೆ ಹರಡಿ ನೋಡಿ, ಕುರ್ಚಿ ಸುಲಭವಾಗಿ ಕೂರುತ್ತದೆ. ಕುರ್ಚಿ ಇಟ್ಟಮೇಲೆ ಕ್ಯಾಮೆರಾಕ್ಕೆ ಕೈ ಮುಚ್ಚಿ ನಾಲ್ಕು ಹೆಜ್ಜೆ ನಡೆದು ಕೈ ತೆಗೆಯಿರಿ. ಕುರ್ಚಿ ಜರುಗಿರಬಹುದು, ಇಲ್ಲವೇ ಒಂದು ಕ್ಷಣ ತೇಲಿ ಹಳೆಯ ಜಾಗಕ್ಕೆ ಹಾರಬಹುದು.

ಈ ಪಾಡು ಹೊಸದಲ್ಲ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವಾನ್ ಸದರ್ಲೆಂಡ್ ಕಟ್ಟಿದ ತಲೆಗೆ ತೊಡುವ ಪರದೆಯಲ್ಲಿ ಕಾಣುತ್ತಿದ್ದದ್ದು ಬರೀ ಗೆರೆಗಳ ಆಕೃತಿ. ತಲೆ ಎತ್ತ ತಿರುಗಿತೆಂದು ಅಳೆಯಲು ಮಾತ್ರ ಚಾವಣಿಯಿಂದ ಇಳಿಬಿಟ್ಟ ಯಾಂತ್ರಿಕ ತೋಳೇ ಬೇಕಾಯಿತು! 2016ರ ಪೋಕೆಮಾನ್ ಗೋ ಎಂಬ ಫೋನ್ ಆಟ ಎಆರ್ ಅನ್ನು ಮನೆಮಾತಾಗಿಸಿತು, ಆದರೆ ಆರಂಭದಲ್ಲಿ ಅದರ ಪ್ರಾಣಿಗಳು ನೆಲಕ್ಕೆ ಸರಿಯಾಗಿ ಅಂಟಿರಲಿಲ್ಲ. ಅಜುಮಾ ಅವರ ಮೂರನೇ ಗುಣದಲ್ಲಿ ಅದಕ್ಕೆ ನಾನು ಪೂರ್ತಿ ಅಂಕ ಕೊಡಲಾರೆ.

ಉಪಯೋಗಗಳ ಪಟ್ಟಿ ಉದ್ದವಿದೆ: ಆಟ, ಮುಖದ ಫಿಲ್ಟರ್, ಪೀಠೋಪಕರಣದ ಖರೀದಿ. ಗಟ್ಟಿ ಬಳಕೆ ಕೆಲಸದ ಜಾಗದಲ್ಲಿದೆ. 1990ರ ದಶಕದ ಆರಂಭದಲ್ಲಿ ಬೋಯಿಂಗ್‌ನ ಥಾಮಸ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಯೋಚಿಸಿದ್ದು ವಿಮಾನದ ವೈರುಗಳನ್ನು ಹಲಗೆಯ ಮೇಲೆ ಜೋಡಿಸುವವರ ಬಗ್ಗೆ: ಮುಂದಿನ ವೈರ್ ಎಲ್ಲಿಗೆ ಹೋಗಬೇಕೆಂಬುದು ಕಣ್ಣೆದುರಿನ ಹಲಗೆಯ ಮೇಲೇ ಕಂಡರೆ? ಆಸ್ಪತ್ರೆಗಳಲ್ಲಿ ರಕ್ತನಾಳ ತೋರಿಸುವ ಸಾಧನವಂತೂ ಕನ್ನಡಕವನ್ನೂ ಕೇಳುವುದಿಲ್ಲ. ನಾಳದೊಳಗಿನ ಹಿಮೋಗ್ಲೋಬಿನ್ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಸುತ್ತಲಿನ ಅಂಗಾಂಶಕ್ಕಿಂತ ಹೆಚ್ಚು ಹೀರುತ್ತದೆ. ಸಾಧನ ಅದನ್ನು ಗುರುತಿಸಿ ನಾಳದ ಚಿತ್ರವನ್ನು ಚರ್ಮದ ಮೇಲೇ ಬೆಳಕಾಗಿ ಚೆಲ್ಲುತ್ತದೆ.

ಎಆರ್ ಕನ್ನಡಕಗಳಲ್ಲಿ ಎರಡು ಬಗೆ. 2016ರ ಮೈಕ್ರೋಸಾಫ್ಟ್ ಹೋಲೋಲೆನ್ಸ್‌ನಂಥವು ಪಾರದರ್ಶಕ ಗಾಜಿನ ಮೂಲಕ ಬರುವ ನಿಜ ಬೆಳಕಿಗೆ ತಮ್ಮ ಬೆಳಕು ಕೂಡಿಸುತ್ತವೆ. ಬೆಳಕನ್ನು ಕೂಡಿಸಬಹುದು, ಕಳೆಯಲಾಗದು. ಹಾಗಾಗಿ ಅವುಗಳಲ್ಲಿ ಕಪ್ಪು ಬಣ್ಣ ಪಾರದರ್ಶಕವಾಗಿ ಕಾಣುತ್ತದೆ, ಬಿಸಿಲಿನಲ್ಲಿ ಚಿತ್ರ ಮಂಕಾಗುತ್ತದೆ. 2024ರ ಆ್ಯಪಲ್ ವಿಷನ್ ಪ್ರೋ ಕ್ಯಾಮೆರಾದಿಂದ ಹೊರಗಿನ ದೃಶ್ಯ ಹಿಡಿದು ಒಳಗಿನ ಪರದೆಯಲ್ಲಿ ತೋರಿಸುತ್ತದೆ. ಕಪ್ಪು ಕಪ್ಪಾಗಿಯೇ ಬರುತ್ತದೆ, ಆದರೆ ಚಾರ್ಜ್ ಮುಗಿದರೆ ಕೋಣೆಯೂ ಕಾಣುವುದಿಲ್ಲ.