ಕಳವಾರ ಬೆಟ್ಟಕ್ಕೆ ಟಿಕೆಟ್ ಬಂದದ್ದು ಹೇಗೆ?

ಕಳವಾರ ಬೆಟ್ಟ, ಅಂದರೆ ಬೆಂಗಳೂರಿನವರ ಸ್ಕಂದಗಿರಿ, ಹತ್ತಬೇಕೆಂದರೆ ಈಗ ಮೊಬೈಲಿನಲ್ಲಿ ಮೊದಲೇ ಹೆಸರು ಬರೆಸಿ, ದುಡ್ಡು ಕಟ್ಟಿ, ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಹೋಗಬೇಕು. "ನಮ್ ತಾತ ದನ ಹೊಡ್ಕೊಂಡ್ ಹೋಗ್ತಿದ್ದ ಬೆಟ್ಟ, ಇವರಿಗ್ಯಾಕೆ ಕಾಸು ಕೊಡಬೇಕು?" ಎಂಬ ಮಾತು ಚಿಕ್ಕಬಳ್ಳಾಪುರದ ಟೀ ಅಂಗಡಿಗಳಲ್ಲಿ ಹೊಸದೇನಲ್ಲ. ಬೆಂಗಳೂರಿಂದ ಬರುವ ಚಾರಣಿಗರ ದೂರು ಬೇರೆ: ವಾರಾಂತ್ಯಕ್ಕೆ ಟಿಕೆಟ್ಟೇ ಸಿಗುವುದಿಲ್ಲ. ಎರಡೂ ಸಿಟ್ಟಿಗೆ ಕಾರಣವಿದೆ. ಆದರೆ ಇಬ್ಬರೂ ಮರೆಯುವುದೊಂದಿದೆ. ಈ ಸೀಮೆಯ ಬೆಟ್ಟದ ದಾರಿಗಳನ್ನು ಯಾರೂ ಚಾರಣಕ್ಕೆಂದು ಮಾಡಿದ್ದಲ್ಲ. ಬೇರೆ ಬೇರೆ ಕೆಲಸಕ್ಕೆ ಸವೆದ ದಾರಿಗಳು ಅವು; ಅವುಗಳ ಮೇಲೆ ಯಾರ ಹಕ್ಕು ಎಷ್ಟು ಎಂಬುದು ಮೊದಲಿನಿಂದಲೂ ತಕರಾರಿನದ್ದೇ.

ಮೊದಲು ಬಂದವರು ಕೋಟೆಯವರು. ನಂದಿದುರ್ಗ, ಮಾಕಳಿದುರ್ಗ, ಚನ್ನರಾಯನದುರ್ಗ, ದೇವರಾಯನದುರ್ಗ, ಹುತ್ರಿದುರ್ಗ: ತುಮಕೂರಿನಿಂದ ಚಿಕ್ಕಬಳ್ಳಾಪುರದವರೆಗೆ ಒಂಟಿ ಬಂಡೆಬೆಟ್ಟ ಎಲ್ಲಿದೆಯೋ ಅಲ್ಲೆಲ್ಲ ಪಾಳೆಯಗಾರರು ಗೋಡೆ ಎಬ್ಬಿಸಿದರು, ಆಮೇಲೆ ಮೈಸೂರಿನವರು ಬಲಪಡಿಸಿದರು. ಇಂಥ ಕಡೆ ದಾರಿ ಇರುವುದೇ ಜನ ಸುಲಭವಾಗಿ ಹತ್ತಬಾರದೆಂದು. ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಆಮೇಲೆ ಬರಿ ಬಂಡೆಯ ಮೈಯಲ್ಲಿ ಕಾಲಿಡುವಷ್ಟೇ ಕೆತ್ತಿದ ಮೆಟ್ಟಿಲು. ನಂದಿದುರ್ಗ ಬೀಳುವುದಿಲ್ಲ ಎಂದೇ ಹೆಸರಾಗಿತ್ತು. 1791ರ ಅಕ್ಟೋಬರಿನಲ್ಲಿ, ಮೂರನೇ ಮೈಸೂರು ಯುದ್ಧದಲ್ಲಿ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಅದನ್ನೂ ಹಿಡಿಯಿತು.

ಕೋಟೆ ಕೆಲಸ ಮುಗಿದ ಮೇಲೆ ದಾರಿಗಳು ಉಳಿದದ್ದು ದೇವರಿಂದ, ದನಗಳಿಂದ. ಬೆಟ್ಟದ ತುದಿಯಲ್ಲೊಂದು ಗುಡಿ, ಬುಡದಲ್ಲೊಂದು ಗುಡಿ ಇದ್ದೇ ಇರುತ್ತದೆ. ನಂದಿಯಲ್ಲಿ ಕೆಳಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ದೇವರಾಯನದುರ್ಗದಲ್ಲಿ ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಆಷಾಢ ಸೋಮವಾರದ ನಂದಿ ಗಿರಿಪ್ರದಕ್ಷಿಣೆಗೆ ಸೇರುವ ಜನವನ್ನು ನೋಡಿದರೆ, ನಡೆಯುವ ಹುಚ್ಚು ಐಟಿಯವರು ತಂದದ್ದಲ್ಲ ಎಂದು ಗೊತ್ತಾಗುತ್ತದೆ. ಕೋಲಾರದ ಅಂತರಗಂಗೆಗೆ ಬಸವನ ಬಾಯಿಂದ ಬೀಳುವ ನೀರಿಗಾಗಿ ಮೆಟ್ಟಿಲು ಹತ್ತಿದವರು ಎಷ್ಟು ತಲೆಮಾರಿನವರೋ. ಅದೇ ಶತಶೃಂಗ ಬೆಟ್ಟದ ಬಂಡೆಸಂದಿಗಳಲ್ಲಿ ಈಗ ಟಾರ್ಚ್ ಹಿಡಿದು ತೆವಳುವುದು ವಾರಾಂತ್ಯದ ಆಟ.

ನಂದಿಗೆ ಮಾತ್ರ ಬೇರೆ ಅದೃಷ್ಟ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ತಂಪಿಗೆ ಬ್ರಿಟಿಷರು ಮನಸೋತರು, ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅಲ್ಲಿ ಬಂಗಲೆ ಕಟ್ಟಿಸಿದ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ಸುಧಾರಿಸಿಕೊಳ್ಳಲು ಬಂದದ್ದು ಇಲ್ಲಿಗೇ. 1936ರಲ್ಲಿ ಮತ್ತೆ ಬಂದರು. ಬೆಟ್ಟದ ಮೇಲೆ ತೋಟ ಬಂತು, ಡಾಂಬರು ಬಂತು, ತೋಟಗಾರಿಕೆ ಇಲಾಖೆ ಬಂತು. ಸುಲ್ತಾನಪೇಟೆ ಕಡೆಯ ಹಳೇ ಮೆಟ್ಟಿಲು ಮೂಲೆಗೆ ಬಿತ್ತು.

ಅಕ್ಕಪಕ್ಕದ ಗುಡ್ಡಗಳು ಅರಣ್ಯ ಇಲಾಖೆಯ ಪಾಲಾದವು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಒಂದೂ ರಾಷ್ಟ್ರೀಯ ಉದ್ಯಾನವಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಾಗರಹೊಳೆಗೋ ಕುದುರೆಮುಖಕ್ಕೋ ಹೋಗುವವರಿಗೆ ಅದು ಕಾಯ್ದ ಕಾಡು, ಗೇಟು ಇದೆ, ಅನುಮತಿ ಬೇಕು ಎಂದು ಮೊದಲೇ ಗೊತ್ತು. ಕಳವಾರ ಬೆಟ್ಟವನ್ನು ರಸ್ತೆಯಿಂದ ನೋಡಿದರೆ ಬರೀ ಕಲ್ಲು, ಕುರುಚಲು, ಬಾದೆ ಹುಲ್ಲು. ಚಿರತೆ, ಕರಡಿ ಓಡಾಡುವ ಸೀಮೆ ಎಂದು ಅನ್ನಿಸುವುದೇ ಇಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ತಪ್ಪು. ಆದರೆ ಕಾಯ್ದೆ ಪುಸ್ತಕದಲ್ಲಿತ್ತು, ಕುರಿ ಬೆಟ್ಟದಲ್ಲಿತ್ತು, ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆ ತಂದದ್ದು ಮೋಡ. ಮಳೆಗಾಲ ಕಳೆದು ಚಳಿ ಶುರುವಾದ ಮೇಲೆ, ಗಾಳಿಯಿಲ್ಲದ ರಾತ್ರಿಗಳಲ್ಲಿ ಬಯಲಿನ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ತೇವದ ಗಾಳಿ ಮಂಜಾಗುತ್ತದೆ. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತಿರುವುದರಿಂದ ಮಂಜು ಮೇಲೇಳಲಾರದೆ ತಗ್ಗಿನಲ್ಲೇ ಹರಡಿಕೊಳ್ಳುತ್ತದೆ. ತುದಿಯಲ್ಲಿ ನಿಂತವನಿಗೆ ಕಾಲ ಕೆಳಗೆ ಬಿಳಿ ಕಡಲು, ಅದರಾಚೆ ಸೂರ್ಯ. ಬಿಸಿಲು ಏರಿದರೆ ಎಲ್ಲ ಕರಗಿಹೋಗುತ್ತದೆ. ಹತ್ತಲು ಸುಮಾರು ಎರಡು ಗಂಟೆ ಬೇಕು. ಅಂದರೆ ನಡುರಾತ್ರಿ ಕಳೆದ ಮೇಲೆ ಹೊರಡಲೇಬೇಕು. ರಾತ್ರಿ ಚಾರಣದ ಗೀಳಿನ ಹಿಂದಿರುವುದು ಈ ಲೆಕ್ಕ.

ಮೋಡ ಮೊದಲೂ ಇತ್ತು, ರಸ್ತೆ ಇರಲಿಲ್ಲ. ಬೆಂಗಳೂರು–ಹೈದರಾಬಾದ್ ಹೆದ್ದಾರಿ ಅಗಲವಾಯಿತು, 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. ಬೆಂಗಳೂರು ಬೆಟ್ಟದ ಬುಡಕ್ಕೇ ಬಂದಂತಾಯಿತು. ಶುಕ್ರವಾರದ ಶಿಫ್ಟ್ ಮುಗಿಸಿ ಬೈಕು ಹತ್ತಿದರೆ ಬೆಳಗಿನ ಜಾವಕ್ಕೆ ಮೇಲೆ. ಬುಡದ ಪಾಪಾಗ್ನಿ ಮಠದ ಬಳಿ ಗಾಡಿ ನಿಲ್ಲಿಸಲು ಜಾಗವಿಲ್ಲದ ರಾತ್ರಿಗಳು ಬಂದವು. ಕಳವಾರದ ಹುಡುಗರು ದಾರಿ ತೋರಿಸಿ ನಾಲ್ಕು ಕಾಸು ಮಾಡಿಕೊಂಡರು. ತುದಿಯಲ್ಲಿ ಟೀ, ಬ್ರೆಡ್ ಆಮ್ಲೆಟ್ ಸಿಗುತ್ತಿತ್ತು. ಹಾಗೇ ಬಾಟಲಿಗಳೂ ಬಂದವು, ಕ್ಯಾಂಪ್‌ಫೈರೂ ಬಂತು. ಒಣಗಿದ ಬಾದೆ ಹುಲ್ಲಿಗೆ ಒಂದು ಕಿಡಿ ಸಾಕು, ಬೇಸಿಗೆಯಲ್ಲಿ ಇಡೀ ಮಗ್ಗುಲು ಕಪ್ಪಾಗಲು.

ಇಲಾಖೆ ಮೊದಲು ಮಾಡಿದ್ದು ಎಲ್ಲ ಇಲಾಖೆಗಳೂ ಮಾಡುವುದನ್ನೇ: ರಾತ್ರಿ ಹತ್ತಬಾರದು ಎಂದು ಬೋರ್ಡು ಹಾಕಿತು. ಜನ ಹಿಂದಿನಿಂದ ಹತ್ತಿದರು. ಒಂದು ದಾರಿ ಇದ್ದಲ್ಲಿ ಕಳ್ಳದಾರಿ ನಾಲ್ಕಾದವು, ಸವಕಳಿ ಹೆಚ್ಚಾಯಿತು. ನಿಷೇಧದಿಂದ ಆಗದ್ದು ಟಿಕೆಟ್ಟಿನಿಂದ ಸ್ವಲ್ಪಮಟ್ಟಿಗೆ ಆಯಿತು. ಪರಿಸರ ಪ್ರವಾಸೋದ್ಯಮ ಮಂಡಳಿ ಕಳವಾರ ಬೆಟ್ಟ, ಅಂತರಗಂಗೆಯಂಥ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ತಂದು, ಹತ್ತುವ ಹೊತ್ತು ಗೊತ್ತುಮಾಡಿ, ಎಷ್ಟು ಜನ ಹೋದರು, ಎಷ್ಟು ಜನ ಇಳಿದರು ಎಂಬ ಲೆಕ್ಕ ಶುರುಮಾಡಿತು. ನನ್ನ ಮಟ್ಟಿಗೆ ಟಿಕೆಟ್ಟಿನ ದೊಡ್ಡ ಲಾಭ ದುಡ್ಡಲ್ಲ, ಈ ಲೆಕ್ಕ.

ಲೆಕ್ಕವಿಲ್ಲದ ದಾರಿಯಲ್ಲಿ ಏನಾಗುತ್ತದೆಂದು 2022ರ ಫೆಬ್ರವರಿಯಲ್ಲಿ ಎಲ್ಲರೂ ಕಂಡರು. ನಂದಿಯ ಪಕ್ಕದ ಬ್ರಹ್ಮಗಿರಿಯಲ್ಲಿ ಒಬ್ಬನೇ ಹತ್ತಿದ್ದ 19ರ ಹುಡುಗ ಜಾರಿ, ಕಡಿದಾದ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡ. ಕೊನೆಗೆ ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ, 2021ರ ಆಗಸ್ಟಿನಲ್ಲಿ, ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆಯೇ ಕೊಚ್ಚಿಹೋಗಿತ್ತು. ಡಿಸೆಂಬರಿನವರೆಗೆ ಬೆಟ್ಟ ಪ್ರವಾಸಿಗರಿಗೆ ಮುಚ್ಚಿತ್ತು.

ಈಗಿನ ಬಿಗಿ ನಿಯಮ ಬಂದದ್ದು ನಮ್ಮ ಬೆಟ್ಟಗಳಿಂದಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಪಶ್ಚಿಮ ಘಟ್ಟದ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ಹರಿದಾಡಿತು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲೆಲ್ಲ ಅರಣ್ಯ ಸಚಿವ ಈಶ್ವರ ಖಂಡ್ರೆ ಚಾರಣ ನಿಲ್ಲಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಒಂದೇ ಜಾಲತಾಣದಲ್ಲಿ ಟಿಕೆಟ್ ಕೊಡುವ ವ್ಯವಸ್ಥೆ ಬಂತು. ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು.

ಮಿತಿ ಬೇಕಾದದ್ದೇ. ಆದರೆ ಕುಮಾರಪರ್ವತದ ಕಾಡಿಗೂ ಕಳವಾರದ ಬೋಳು ಬಂಡೆಗೂ ಒಂದೇ ಅಳತೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಬಂಡೆಯ ಮೇಲೆ ಸಾವಿರ ಜನ ನಡೆದರೂ ಬಂಡೆ ಸವೆಯುವುದಿಲ್ಲ. ಸವೆಯುವುದು ಎರಡು ಬಂಡೆಗಳ ನಡುವಿನ ಮಣ್ಣು. ಕಳವಾರದಲ್ಲಿ ಕೆಳಗಿನ ಕುರುಚಲು ದಾಟುವ ಕಡೆ ನೋಡಿ: ಹಳೇ ದಾರಿ ಮಳೆನೀರಿಗೆ ಕೊರಕಲಾಗಿ, ಬೇರು ಎದ್ದು, ಜನ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಂಡು, ಅದೂ ಕೊರಕಲಾಗುತ್ತದೆ. ಅಡ್ಡಕ್ಕೆ ನಾಲ್ಕು ಕಲ್ಲು ಹಾಕಿ ನೀರು ಪಕ್ಕಕ್ಕೆ ತಿರುಗಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಹೊಲದ ಬದು ಕಟ್ಟಿ ಗೊತ್ತಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಟಿಕೆಟ್ ದುಡ್ಡಿನಲ್ಲಿ ಪ್ರತಿ ಮಳೆಗಾಲದ ಮುಂಚೆ ಈ ಕೆಲಸ ಆಗಬೇಕು, ಅದಕ್ಕೆ ಕಳವಾರದವರಿಗೇ ಕೂಲಿ ಸಿಗಬೇಕು.

ನಂದಿಯ ಕಥೆ ಇನ್ನೊಂದು ದಿಕ್ಕಿಗೆ ಹೊರಟಿದೆ. ಅಲ್ಲಿಗೆ ರೋಪ್‌ವೇ ಹಾಕಲು 2023ರ ಮಾರ್ಚಿನಲ್ಲಿ ಶಂಕುಸ್ಥಾಪನೆ ಆಯಿತು. ಕಾರುಗಳ ಸಾಲು ತಗ್ಗಲಿ ಎಂಬುದು ಅದರ ಉದ್ದೇಶ. ಸುಲ್ತಾನಪೇಟೆಯ ಮೆಟ್ಟಿಲುಗಳು ಆಗಲೇ ಇವೆ, ಹತ್ತಲು ವಿದ್ಯುತ್ತೂ ಬೇಡ. ಅವನ್ನು ಸರಿಮಾಡಿಸಿ ಒಂದು ನೀರಿನ ನಲ್ಲಿ ಹಾಕಿಸಲು ಯಾವ ಶಂಕುಸ್ಥಾಪನೆಯೂ ಬೇಕಿಲ್ಲ.