ಸಿಆರ್‌ಪಿ ಏರಿದೆ, ಆದರೆ ಯಾಕೆ?

ಕೊರೋನಾ ಕಾಲದಲ್ಲಿ ‘ಸಿಆರ್‌ಪಿ ಎಷ್ಟು ಬಂತು?’ ಅಂತ ಎಲ್ಲರೂ ಕೇಳುತ್ತಿದ್ದರು. ರಕ್ತದಲ್ಲಿ ಒಂದು ಪ್ರೊಟೀನ್ ಎಷ್ಟಿದೆ ಅಂತ ಅಳೆಯುವ ಆ ಪರೀಕ್ಷೆಯ ಬೇರು ಇರುವುದು ನ್ಯುಮೋನಿಯಾದಲ್ಲೇ. ನ್ಯುಮೋನಿಯಾ ತಂದದ್ದು ಬ್ಯಾಕ್ಟೀರಿಯಾವೋ ವೈರಸ್ಸೋ ಅಂತ ಇಂಥ ಅಂಕಿ ಹೇಳಬಲ್ಲದೇ? ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ, ಅದಕ್ಕೇ ಈ ಪ್ರಶ್ನೆ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಒಂದು ವಿಚಿತ್ರ ಕಂಡರು. ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ ‘ಸಿ’ ಎಂಬ ಅಂಶವನ್ನು ನ್ಯುಮೋನಿಯಾ ರೋಗಿಯ ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೆರೆಸಿದರೆ ತಿಳಿ ದ್ರವದಲ್ಲಿ ಗಸಿ ಕಟ್ಟುತ್ತಿತ್ತು. ಅದೇ ರೋಗಿ ಗುಣವಾದ ಮೇಲೆ ಬೆರೆಸಿದರೆ ಏನೂ ಇಲ್ಲ. ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವಾಗಿದ್ದರೆ ಗುಣವಾಗುತ್ತಾ ಹೆಚ್ಚಬೇಕಿತ್ತು, ಅಲ್ವಾ? ಇಲ್ಲಿ ಉಲ್ಟಾ. ‘ಸಿ’ ಜೊತೆ ಕೂಡುವ ಪ್ರೊಟೀನ್ ಆದ್ದರಿಂದ ಸಿ-ರಿಯಾಕ್ಟಿವ್ ಪ್ರೊಟೀನ್, ಅಂದರೆ ಸಿಆರ್‌ಪಿ ಎಂಬ ಹೆಸರು ಬಂತು. ಆದರೆ ಲಿವರ್ ತಯಾರಿಸುವ ಈ ಪ್ರೊಟೀನ್ ಆಪರೇಷನ್, ಪೆಟ್ಟು, ಸಂಧಿವಾತಕ್ಕೂ ಏರುತ್ತದೆ ಅಂತ ಆಮೇಲೆ ತಿಳಿಯಿತು. ವೈರಸ್ಸಿಗೂ ಎಷ್ಟು ಏರಬಲ್ಲದು ಅನ್ನುವುದನ್ನು ಕೊರೋನಾ ತೋರಿಸಿತು.

1993ರಲ್ಲಿ, ಬ್ಯಾಕ್ಟೀರಿಯಾ ಸೋಂಕನ್ನು ಬೇರೆಯಾಗಿ ತೋರಿಸೀತು ಅಂತ ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತದ ಇನ್ನೊಂದು ಅಂಶದ ಮೇಲೆ ಆಸೆ ಹುಟ್ಟಿತು. ಪ್ಯಾರಿಸ್ಸಿನಲ್ಲಿ 79 ಮಕ್ಕಳ ರಕ್ತ ನೋಡಿದಾಗ, ತೀವ್ರ ಬ್ಯಾಕ್ಟೀರಿಯಾ ಸೋಂಕಿದ್ದವರಲ್ಲಿ ಅದು ಬಹಳ ಜಾಸ್ತಿ ಇತ್ತು. ಮಾಮೂಲಿಯಾಗಿ ಥೈರಾಯ್ಡ್ ತಯಾರಿಸುವ ವಸ್ತು ಅದು. ಇಂಥ ಸೋಂಕಿನಲ್ಲಿ ಮೈಯ ಬೇರೆ ಭಾಗಗಳೂ ತಯಾರಿಸುತ್ತವೆ. ವೈರಸ್ ಬಂದಾಗ ಹೊರಬರುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೊಟೀನ್ ಅದನ್ನು ತಗ್ಗಿಸುತ್ತದೆ.

2009ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಆರು ಆಸ್ಪತ್ರೆಗಳ ಅಧ್ಯಯನ ಬಂತು. ಪ್ರೊಕ್ಯಾಲ್ಸಿಟೋನಿನ್ ನೋಡಿ ನಿರ್ಧರಿಸಿದಾಗ ಆಂಟಿಬಯೋಟಿಕ್ ಸರಾಸರಿ 8.7 ದಿನದಿಂದ 5.7ಕ್ಕೆ ಇಳಿಯಿತು, ರೋಗಿಗಳಿಗೆ ತೊಂದರೆಯೂ ಹೆಚ್ಚಲಿಲ್ಲ. 2018ರಲ್ಲಿ ಅಮೆರಿಕದ 14 ಆಸ್ಪತ್ರೆಗಳ ಅಧ್ಯಯನದಲ್ಲಿ ಮಾತ್ರ ಆಂಟಿಬಯೋಟಿಕ್ ಬಳಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದಕ್ಕೆ ಹಿಂದಿನ ವರ್ಷವೇ ನ್ಯುಮೋನಿಯಾ ಬಂದ 1,735 ಮಂದಿಯನ್ನು ನೋಡಿದವರಿಗೆ, ಇಷ್ಟರ ಕೆಳಗಿದ್ದರೆ ಖಂಡಿತ ವೈರಸ್ ಅನ್ನಬಹುದಾದ ಗೆರೆ ಸಿಕ್ಕಿರಲಿಲ್ಲ. ಅದಕ್ಕೇ 2019ರ ಅಮೆರಿಕದ ಮಾರ್ಗಸೂಚಿ, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಖಚಿತವಾದ ದೊಡ್ಡವರಿಗೆ ಈ ಅಂಕಿ ಕಡಿಮೆ ಇದೆ ಅಂತ ಆಂಟಿಬಯೋಟಿಕ್ ತಡೆಹಿಡಿಯಬೇಡಿ ಎಂದಿತು. ನನಗೂ ಅದೇ ಸರಿ ಅನಿಸುತ್ತದೆ. ಆದರೆ ದಿನ ದಿನಕ್ಕೆ ಅಂಕಿ ಇಳಿಯುತ್ತಿದ್ದರೆ ಔಷಧಿ ಬೇಗ ನಿಲ್ಲಿಸಲು ಅದು ಧೈರ್ಯ ಕೊಡುತ್ತದೆ. ಅನಗತ್ಯ ಆಂಟಿಬಯೋಟಿಕ್ ತಪ್ಪುವುದು ಸಣ್ಣ ಲಾಭವಲ್ಲ.

ಇನ್ನೊಂದು ಸಂಕಟವಿದೆ. ವೈರಸ್, ಬ್ಯಾಕ್ಟೀರಿಯಾ ಎರಡೂ ಒಟ್ಟಿಗೇ ಬರಬಹುದು. 1918ರ ಫ್ಲೂನಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಹೊಸ ಪರೀಕ್ಷೆ ಸಿಆರ್‌ಪಿ ಜೊತೆ ಇನ್ನೆರಡು ಪ್ರೊಟೀನ್ ಅಳೆದು, ಸುಮಾರು 15 ನಿಮಿಷದಲ್ಲಿ ಒಂದು ಅಂಕಿ ಕೊಡುತ್ತದೆ. ವೈರಸ್, ಬ್ಯಾಕ್ಟೀರಿಯಾ ಎರಡೂ ಇರುವ ರೋಗಿಯನ್ನು ಅದು ಬ್ಯಾಕ್ಟೀರಿಯಾ ಗುಂಪಿಗೇ ಸೇರಿಸುತ್ತದೆ.