ಚಿತ್ರದ ಸೊಂಟ, ಮೈಯ ಸೊಂಟ

ಹೋದ ತಿಂಗಳು ಒಬ್ಬ ಹುಡುಗಿ ಅಮ್ಮನನ್ನು ಕರೆದುಕೊಂಡು ಬಂದಿದ್ದಳು. ಮೊಬೈಲಿನಲ್ಲಿ ಫ್ರಾನ್ಸಿನ ಫ್ಯಾಷನ್ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಅವರ ‘ಬಾರ್’ ಸೂಟಿನ (ಜಾಕೆಟ್, ಲಂಗದ ಜೋಡಿ) ಸ್ಕೆಚ್. "ಮೇಡಂ, ಸೊಂಟ ಹೀಗೇ ಬರಬೇಕು" ಎಂದಳು. ಅಳೆದರೆ ಅವಳ ಸೊಂಟ 30 ಇಂಚು. "28ಕ್ಕೆ ಹೊಲಿಯಿರಿ, ಅಷ್ಟರಲ್ಲಿ ಇಳಿಸ್ತೀನಿ."

ಈ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಸ್ಕೆಚ್ ನೋಡಿ ಯಾರೂ ಊಟ ಬಿಡಬಾರದು.

ಸ್ಕೆಚ್ ಅಂದರೆ ಅಳತೆಯಲ್ಲ. ನಮ್ಮ ಎತ್ತರ ಹೆಚ್ಚುಕಡಿಮೆ ಏಳೂವರೆ ತಲೆಯಷ್ಟು. ಫ್ಯಾಷನ್ ಚಿತ್ರದಲ್ಲಿ ಅದು ಒಂಬತ್ತು, ಕೆಲವೊಮ್ಮೆ ಹತ್ತು. ಜಾಸ್ತಿಯಾದದ್ದರಲ್ಲಿ ಹೆಚ್ಚಿನ ಪಾಲು ಕಾಲಿಗೇ ಹೋಗಿರುತ್ತದೆ. ಅಂಥ ಮೈಯವರು ಪ್ಯಾರಿಸ್ಸಿನಲ್ಲೂ ಇರಲಿಲ್ಲ.

ಡಿಯೋರ್ ಪ್ರತಿ ಕಲೆಕ್ಷನ್ನಿಗೂ ಮೊದಲು ನೂರಾರು ಪುಟ್ಟ ಸ್ಕೆಚ್ ಗೀಚುತ್ತಿದ್ದರು. ಅವು ಹೊಲಿಗೆಮನೆಯ ಮುಖ್ಯಸ್ಥೆಯರ ಕೈಗೆ ಹೋಗುತ್ತಿದ್ದವು. ಅವರು ಬಿಳಿ ಹತ್ತಿ ಬಟ್ಟೆಯಲ್ಲಿ ಕಚ್ಚಾ ಉಡುಪು ಮಾಡುತ್ತಿದ್ದರು. ಅದಕ್ಕೆ ‘ತ್ವಾಲ್’ ಎನ್ನುತ್ತಾರೆ. ನಮ್ಮಲ್ಲಿ ಕೋರಾ ಬಟ್ಟೆಯಲ್ಲಿ ಟ್ರಯಲ್ ಹೊಲಿಯುತ್ತೇವಲ್ಲ, ಅದೇ. ಭುಜ ಎಲ್ಲಿ ಇಳಿಯಬೇಕು, ಲಂಗ ಎಲ್ಲಿಂದ ಅರಳಬೇಕು ಎಂಬುದಷ್ಟೇ ಸ್ಕೆಚ್ಚಿನ ಮಾತು. ಇಂಚಿನ ಲೆಕ್ಕ ಶುರುವಾಗುವುದು ಬಟ್ಟೆಯಲ್ಲಿ.

ಈಗ ಸೊಂಟಕ್ಕೆ ಬರೋಣ. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನ ಮೊಂತೇನ್ ರಸ್ತೆಯ 30ನೇ ನಂಬರಿನಲ್ಲಿ ಈ ಸೂಟು ಮೊದಲು ಕಾಣಿಸಿತು. ಕೆನೆಬಣ್ಣದ ರೇಷ್ಮೆ ಜಾಕೆಟ್, ಕಪ್ಪು ಉಣ್ಣೆಯ ನೆರಿಗೆ ಲಂಗ. ಜಾಕೆಟ್ಟಿನ ಕೆಳಭಾಗಕ್ಕೆ, ಸೊಂಟದ ಕೆಳಗೆ, ಒಳಗಿನಿಂದ ಪ್ಯಾಡ್ ಕೊಟ್ಟಿದ್ದರು. ಭುಜಕ್ಕೆ ಮೆತ್ತನೆಯ ಇಳಿಜಾರು. ಪಕ್ಕದ್ದು ಉಬ್ಬಿದಾಗ ನಡುವಿನದು ಸಣ್ಣಗೆ ಕಾಣುತ್ತದೆ. ಹೌದು, ಆಗಿನ ಹೆಂಗಸರು ಒಳಗೆ ಬಿಗಿಪಟ್ಟಿಯನ್ನೂ ಕಟ್ಟುತ್ತಿದ್ದರು. ಅದನ್ನು ಕಟ್ಟಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಾಣಂತಿಯರಿಗೆ, ಉಸಿರಾಟದ ತೊಂದರೆ ಇರುವವರಿಗಂತೂ ಬೇಡವೇ ಬೇಡ. ಪ್ಯಾಡ್ ಕೂಡ ಎಲ್ಲರಿಗೂ ಒಪ್ಪುತ್ತದೆ ಎನ್ನಲಾರೆ. ಟ್ರಯಲ್ ನೋಡದೆ ನಾನು ಮಾತು ಕೊಡುವುದಿಲ್ಲ.

ಆ ಹುಡುಗಿಗೆ ಕೋರಾ ಬಟ್ಟೆಯಲ್ಲೇ ಜಾಕೆಟ್ ಹೊಲಿದೆ. ಸೊಂಟಕ್ಕೆ ಒಂದು ಇಂಚು ಲೂಸ್ ಬಿಟ್ಟೆ. ಸೊಂಟದ ಕೆಳಗೆ ಎರಡೂ ಪಕ್ಕಕ್ಕೆ ಎರಡು ಪದರ ಹತ್ತಿ ಇಟ್ಟು ಪಿನ್ ಹಾಕಿದೆ. ಅಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. "ಈಗ ಸ್ಕೆಚ್ಚಿನಲ್ಲಿದ್ದ ಹಾಗೇ ಇದೆ ಅಲ್ವಾ?" ಹುಡುಗಿ ನಂಬಲಿಲ್ಲ. ಜಾಕೆಟ್ ಬಿಚ್ಚಿ ತಾನೇ ಟೇಪು ಸುತ್ತಿಕೊಂಡಳು. 30 ಇಂಚೇ ಇತ್ತು.